ಮೂಲೆಯಲ್ಲಿ ಕಾಣದ ನಕ್ಷೆ

ವಿಲ್ಮರ್‌ನ ಕಬೀನಾಕ್ಕೆ, ಅಂದರೆ ಗಂಟೆಗಿಷ್ಟು ಎಂದು ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಂಗಡಿಗೆ, ಹೊಸ ಗ್ರಾಫಿಕ್ಸ್ ಕಾರ್ಡ್ ಬಂದಾಗಿನಿಂದ ಮಾರ್ಲೆನಿಯ ಬಾಯಲ್ಲಿ ಒಂದೇ ರಾಗ. ಕಾರ್ಡ್ ಸರಿಯಿಲ್ಲ, ಆಟದಲ್ಲಿ ಪರದೆಯ ಮೂಲೆಯಲ್ಲಿರಬೇಕಾದ ನಕ್ಷೆಯನ್ನೇ ಬಿಡಿಸುತ್ತಿಲ್ಲ.

ಹೊಸದು ಅಂದರೆ ಎಲ್ಲಿಯ ಹೊಸದು! ಯಾರೋ ಪುಣ್ಯಾತ್ಮ ಅದನ್ನು ವರ್ಷಗಟ್ಟಲೆ ಕ್ರಿಪ್ಟೋ ನಾಣ್ಯದ ಆಸೆಗೆ ಗಾಣದೆತ್ತಿನಂತೆ ದುಡಿಸಿ ಕೈಬಿಟ್ಟಿದ್ದ. ಅದನ್ನು ವಿಲ್ಮರ್ ಲಿಮಾದ ನಡುಪೇಟೆಯಿಂದ ಎದೆಗವಚಿಕೊಂಡು, ಬಸ್ಸಿನಲ್ಲಿ ಯಾರಿಗೂ ತಾಗಿಸದೆ, ಕೋಮಾಸಿನ ಗುಡ್ಡ ಹತ್ತಿಸಿ ತಂದಿದ್ದ. ಕಬೀನಾದ ಹತ್ತು ಯಂತ್ರಗಳಲ್ಲಿ ಒಳ್ಳೆಯದನ್ನು ಆರಿಸಿ ಅದಕ್ಕೆ ಕೂರಿಸಿದ. ಆ ಕುರ್ಚಿ ಮಾರ್ಲೆನಿಯದು. ಕಬೀನಾದ ಬಂದೂಕಿನಾಟದ ತಂಡದಲ್ಲಿ ಅವಳಷ್ಟು ಗುರಿಯಿಟ್ಟು ಹೊಡೆಯುವವರು ಬೇರಾರೂ ಇರಲಿಲ್ಲ. ಭಾನುವಾರ ಪಕ್ಕದ ಗುಡ್ಡದವರ ಜೊತೆ ಪಂದ್ಯವಿತ್ತು.

ಕಬೀನಾದ ಹಳೇ ಹುಲಿಗಳಿಗೆ ಒಂದು ರೂಢಿ. ಪರದೆ ಎಷ್ಟೇ ಅಗಲವಿರಲಿ, ಆಡುವುದು ಚೌಕ ಚಿತ್ರದಲ್ಲೇ. ಎರಡು ಬದಿಗೂ ಕಪ್ಪು ಪಟ್ಟಿ, ನಡುವೆ ಕಡಿಮೆ ಪಿಕ್ಸೆಲ್ ಚುಕ್ಕಿಗಳ ಪುಟ್ಟ ಚಿತ್ರ. ಬಡಪಾಯಿ ಹಳೇ ಕಾರ್ಡುಗಳಿಗೆ ಅಷ್ಟು ಎಳೆಯುವುದೇ ಏದುಸಿರು. ಚುಕ್ಕಿ ಕಡಿಮೆಯಾದಷ್ಟೂ ಆಟ ಚುರುಕು. ಮಾರ್ಲೆನಿ ಶಾಲೆ ತಪ್ಪಿಸಿ ಆಡಲು ಕಲಿತದ್ದೂ ಹಾಗೆಯೇ. ಈಗ ಇಪ್ಪತ್ತಾರಾಯಿತು, ಹಗಲೆಲ್ಲ ಗುಡ್ಡದ ಮೇಲೆ ಕೆಳಗೆ ಮೋಟೊಟ್ಯಾಕ್ಸಿ ಎಂಬ ಮೂರು ಚಕ್ರದ ಗಾಡಿ ಓಡಿಸುತ್ತಾಳೆ, ಆದರೂ ಆ ರೂಢಿ ಬಿಟ್ಟಿಲ್ಲ.

"ನನ್ನ ಪಟ್ಟಿ ಮುಟ್ಟಿದ್ರೆ ಕೈ ಮುರೀತೀನಿ," ಎಂದು ಮೊದಲ ದಿನವೇ ಹೇಳಿದ್ದಳು. ವಿಲ್ಮರ್ "ಆಯ್ತು ಮಾರಾಯ್ತಿ" ಅಂದಿದ್ದ.

ಆಮೇಲೆ ಶುರುವಾಯಿತು ಸೋಲು. ಬಲಗಡೆಯಿಂದ ಬಂದವನು ಹೊಡೆದ, ಎಡಗಡೆಯಿಂದ ಬಂದವನು ಹೊಡೆದ. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿ ಅವಳು ಕಿರುಚಿದಳು, "ನಕ್ಷೆನೇ ಇಲ್ದೆ ಹೆಂಗೋ ಆಡೋದು? ಎಲ್ಲಿಂದ ಬರ್ತಾರೆ ಅಂತ ಹೆಂಗೆ ಗೊತ್ತಾಗ್ಬೇಕು?"

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ವಿಲ್ಮರ್ ನಕ್ಕ. "ನೋಡು ಅಲ್ಲಿ, ಮೂಲೇಲಿ. ಅದೇನು, ನಿಮ್ಮಜ್ಜಿ ಫೋಟೋನಾ?"

ಅವಳು ತಲೆ ತಿರುಗಿಸಿದಳು. ಹೌದು, ನಕ್ಷೆ ಇತ್ತು. ಮತ್ತೆ ನೇರ ನೋಡಿದಳು, ಇರಲಿಲ್ಲ.

"ನೋಡ್ದಾಗ ಬರುತ್ತೆ, ಬಿಟ್ಟಾಗ ಹೋಗುತ್ತೆ ಕಣೋ. ದೆವ್ವ ಹಿಡಿದಿದೆ ನಿನ್ ಕಾರ್ಡಿಗೆ."

ಈ ಮಾತಿಗೆ ವಿಲ್ಮರ್‌ನ ನಗು ನಿಂತಿತು. ದುಡಿದು ಸೊರಗಿದ ಕಾರ್ಡ್‌ಗಳ ಕಾಯಿಲೆ ಅವನಿಗೆ ಗೊತ್ತು. ಒಳಗಿನ ಬೆಸುಗೆ ಬಿರುಕುಬಿಟ್ಟರೆ ಚಿತ್ರ ಮಿಣುಕುತ್ತದೆ, ತುಂಡು ತುಂಡು ಮಾಯವಾಗುತ್ತದೆ. ಅದಕ್ಕೆ ಕಬೀನಾದವರೆಲ್ಲ ಬಲ್ಲ ಮದ್ದೊಂದಿದೆ: ಓವನ್ ಒಲೆಯಲ್ಲಿಟ್ಟು ಬೇಯಿಸುವುದು. ನಗಬೇಡಿ. ಕಾದ ಬೆಸುಗೆ ಕರಗಿ ಕೂಡಿಕೊಂಡರೆ ಸತ್ತ ಕಾರ್ಡ್ ಎಷ್ಟೋ ಸಲ ಎದ್ದು ಕೂತದ್ದುಂಟು.

ಒಳ್ಳೆಯ ಒಲೆ ಇದ್ದದ್ದು ಮಾರ್ಲೆನಿಯ ತಾಯಿ ಟೆಯೋಫಿಲಾಳ ಮನೆಯಲ್ಲಿ. ಆಕೆ ಹಂದಿಮಾಂಸ ಸುಟ್ಟು, ಈರುಳ್ಳಿ ಜೊತೆ ಬ್ರೆಡ್ಡಿನಲ್ಲಿಟ್ಟು ಮಾರುತ್ತಿದ್ದಳು. ಶನಿವಾರ ಮಧ್ಯಾಹ್ನ ವ್ಯಾಪಾರ ಮುಗಿಯುತ್ತಲೇ ಇಬ್ಬರೂ ಕಂಪ್ಯೂಟರ್, ಪರದೆ ಎಲ್ಲ ಮೋಟೊದಲ್ಲಿ ಹೇರಿಕೊಂಡು ಅಡುಗೆಮನೆಗೆ ನುಗ್ಗಿದರು.

"ಅನ್ನ ಕೊಡೋ ಒಲೇಲಿ ಈ ದರಿದ್ರ ಇಡ್ತೀರಾ? ನಾಳೆ ಮಾಂಸ ವಾಸನೆ ಹೊಡೆದ್ರೆ ನಿಮ್ಮಿಬ್ರನ್ನೇ ಸುಟ್ಟು ಮಾರ್ತೀನಿ," ಎಂದು ಟೆಯೋಫಿಲಾ ಗದರಿದಳು. ಆದರೂ ತಟ್ಟೆ ಕೊಟ್ಟಳು. ವಿಲ್ಮರ್ ಕಾರ್ಡಿನ ಫ್ಯಾನು ಬಿಚ್ಚಿ, ಬರೀ ಕಾರ್ಡನ್ನು ಅಲ್ಯೂಮಿನಿಯಂ ಹಾಳೆಯ ಉಂಡೆಗಳ ಮೇಲೆ ಮಲಗಿಸಿ ಒಳಗಿಟ್ಟ. ಪ್ಲಾಸ್ಟಿಕ್ ಕಮಟು ಮನೆಯೆಲ್ಲ ತುಂಬಿತು. ತಣಿದ ಮೇಲೆ ಮತ್ತೆ ಜೋಡಿಸಿ, ಶಿಲುಬೆ ಗುರುತು ಮಾಡಿ ಗುಂಡಿ ಒತ್ತಿದ. ಚಿತ್ರ ಬಂತು! ವಿಲ್ಮರ್ ತಾನೇ ಕೂತು ಒಂದು ಆಟ ಆಡಿ ನೋಡಿದ, ಒಂದು ಚುಕ್ಕಿಯೂ ಮಿಣುಕಲಿಲ್ಲ.

ಮಾರ್ಲೆನಿ ಕೂತಳು. ಕೂತ ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು.

"ಇಲ್ಲ. ಈಗಲೂ ಇಲ್ಲ."

"ತಮಾಷೆ ಸಾಕು ಮಾರ್ಲೆನಿ."

"ಹೋಗ್ಲಿ, ಆ ಕಪ್ಪು ಪಟ್ಟಿ ತೆಗೆದುಬಿಡು. ಅಗಲವಾಗಿಟ್ಟು ನೋಡೋಣ, ಅದರಲ್ಲಾದ್ರೂ ಕಾಣುತ್ತೇನೋ."

ವಿಲ್ಮರ್ ಅವಳನ್ನೇ ದಿಟ್ಟಿಸಿದ. "ಯಾವ ಪಟ್ಟಿ?"

"ಈ ಕಡೆ, ಆ ಕಡೆ."

"ಪಟ್ಟಿ ಇಲ್ವಲ್ಲೇ. ಕಾರ್ಡ್ ಹಾಕಿದ ದಿನವೇ ಅಗಲ ಮಾಡಿದ್ದೆ. ನಿಂಗೆ ಹೇಳಿದ್ರೆ ಕೂಗಾಡ್ತೀಯ ಅಂತ ಸುಮ್ನಿದ್ದೆ. ಚಿತ್ರ ಈ ತುದಿಯಿಂದ ಆ ತುದಿವರೆಗೂ ಇದೆ."

ಅವಳು ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಚಿತ್ರ ಪರದೆಯ ಅಂಚಿನ ತನಕ ಇತ್ತು. ಬಲಕ್ಕೆ ತಿರುಗಿಸಿದಳು, ಅಲ್ಲಿಯೂ ಇತ್ತು. ನೇರ ನೋಡಿದಳು. ಎರಡು ಬದಿಯೂ ಹೋಯಿತು. ಈಗ ಗಮನವಿಟ್ಟು ನೋಡಿದರೆ ಅದು ಕಪ್ಪು ಕೂಡ ಅಲ್ಲ. ಕಪ್ಪಾದರೆ ಒಂದು ಬಣ್ಣವಾದರೂ ಇರುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಆ ಇಲ್ಲದ್ದನ್ನೇ ಅವಳು ಇಷ್ಟು ದಿನ ತನ್ನ ಪಟ್ಟಿ ಎಂದುಕೊಂಡಿದ್ದಳು.

"ಅಮ್ಮ ಎಲ್ಲಿ?" ಎಂದಳು, ಪರದೆಯಿಂದ ಕಣ್ಣು ಕೀಳದೆ.

"ಇಲ್ಲೇ ಪಕ್ಕದಲ್ಲೇ ನಿಂತಿದೀನಲ್ಲೇ, ಆಗ್ಲಿಂದ," ಎಂದಳು ಟೆಯೋಫಿಲಾ.

ಆಟ ಎಲ್ಲಿ ಹೋಯಿತೋ, ಪಂದ್ಯ ಎಲ್ಲಿ ಹೋಯಿತೋ. ಮಾರ್ಲೆನಿಯ ತಲೆಯಲ್ಲಿ ಓಡತೊಡಗಿದ್ದು ಇಳಿಜಾರು ರಸ್ತೆಗಳು. ಇತ್ತೀಚೆಗೆ ಜನ ಎಲ್ಲಿಂದಲೋ ಹಾರಿ ಗಾಡಿಗೆ ಅಡ್ಡ ಬರುತ್ತಿದ್ದರು. ನಾಯಿಗಳು ನೆಲದಿಂದ ಹುಟ್ಟಿಬರುತ್ತಿದ್ದವು. ಮೊನ್ನೆ ಮಾರುಕಟ್ಟೆ ತಿರುವಿನಲ್ಲಿ ಆಲೂಗಡ್ಡೆ ಮಾರುವ ಮುದುಕಿಯ ಲಂಗದ ಅಂಚು ಚಕ್ರಕ್ಕೆ ಸಿಕ್ಕಿ ಹರಿದಿತ್ತು. ಮುದುಕಿ ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದರೆ, ಇವಳು ಗಾಡಿ ನಿಲ್ಲಿಸಿ "ಕಣ್ಣು ಕಾಣಲ್ವಾ ನಿಂಗೆ?" ಎಂದು ಬೈದು ಬಂದಿದ್ದಳು. ಒಂದು ಗೇಣು ಆಚೀಚೆ ಆಗಿದ್ದರೆ? ಅಯ್ಯೋ ದೇವರೇ. ಇವತ್ತೂ ಈ ಕಂಪ್ಯೂಟರ್ ಹೇರಿಕೊಂಡು ಅದೇ ತಿರುವಿನಲ್ಲಿ ಬಂದದ್ದು.

ತಿಂಗಳುಗಳಿಂದ ಇದ್ದ ತಲೆನೋವಿನ ಮಾತನ್ನು ಆಗ ಬಾಯಿಬಿಟ್ಟಳು. ಟೆಯೋಫಿಲಾ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಗೂಟದಲ್ಲಿದ್ದ ಮೋಟೊದ ಕೀಲಿ ತೆಗೆದು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಸೋಮವಾರ ಆಸ್ಪತ್ರೆಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು, ಬೆರಳಾಡಿಸಿದರು. ಆಮೇಲೆ ಬಿಡಿಸಿ ಹೇಳಿದರು. "ಎರಡು ಕಣ್ಣಿಗೂ ಹೊರಬದಿಯ ನೋಟವೇ ಹೋಗ್ತಿದೆ. ಅಂದ್ರೆ ತೊಂದ್ರೆ ಕಣ್ಣಲ್ಲಿ ಇರಲಾರದು, ಹಿಂದೆ ನರಗಳು ಕೂಡೋ ಜಾಗದಲ್ಲಿ ಏನೋ ಬೆಳೆದು ಒತ್ತುತ್ತಿರಬೇಕು. ಬೇಗ ತೆಗೆಸಿದ್ರೆ ಹೋಗಿದ್ದರಲ್ಲಿ ಒಂದಷ್ಟು ವಾಪಸ್ ಬರಬಹುದು. ತಡ ಮಾಡಿದ್ರೆ ಉಳಿದದ್ದೂ ಹೋಗುತ್ತೆ. ಎಷ್ಟು ಹೋಗಿದೆ ಅಂತ ಈಗಲೇ ಅಳೀಬೇಕು. ಯಾರಿಗೆ ಮೊದಲು ಆಪರೇಷನ್ ಅನ್ನೋದನ್ನ ಅದು ನೋಡಿಯೇ ನಿರ್ಧಾರ ಮಾಡ್ತಾರೆ."

ಮಾರ್ಲೆನಿಯ ಕಿವಿಗೆ ಬಿದ್ದದ್ದು "ಉಳಿದದ್ದೂ ಹೋಗುತ್ತೆ" ಎಂಬುದೊಂದೇ.

ಅಳೆಯುವ ಕೋಣೆಯಲ್ಲಿ ಒರ್ಟೆನ್ಸಿಯಾ ಎಂಬ ದಪ್ಪ ಹೆಂಗಸು ಅವಳ ಒಂದು ಕಣ್ಣಿಗೆ ಪಟ್ಟಿ ಕಟ್ಟಿದಳು. ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಗದ್ದ ಊರಿಸಿ, ಕೈಗೊಂದು ಗುಂಡಿ ಕೊಟ್ಟಳು.

"ನಡುವಿನ ಚುಕ್ಕಿ ಬಿಟ್ಟು ಕಣ್ಣು ಅಲ್ಲಾಡಿಸಬೇಡ ಮಗಳೇ. ಸುತ್ತ ಬೆಳಕು ಮಿಂಚುತ್ತೆ, ಕಂಡ್ರೆ ಒತ್ತು."

ಇದಾದರೆ ಆಟವೇ, ಎಂದುಕೊಂಡಳು ಮಾರ್ಲೆನಿ. ಮನಸ್ಸು ಸ್ವಲ್ಪ ತಿಳಿಯಾಯಿತು. ನಡುವೆ ಬಂದ ಬೆಳಕುಗಳನ್ನು ಒಂದೂ ಬಿಡದೆ ಹೊಡೆದಳು. ಆಮೇಲೆ ಏನೂ ಬರಲಿಲ್ಲ. ಕಾದಳು. ಬರಲಿಲ್ಲ. ಯಂತ್ರ ಮಾತ್ರ ಒಳಗೊಳಗೇ ಗುಂಯ್ಗುಡುತ್ತಲೇ ಇತ್ತು.

ಆಗ ಅವಳಿಗೆ ಅರ್ಥವಾಯಿತು. ಬೆಳಕು ಬರುತ್ತಿದೆ.

ಇಷ್ಟೊಂದು ಹೋಗಿದೆಯೇ? ಇದನ್ನೆಲ್ಲ ಕಾಗದದ ಮೇಲೆ ಬರೆದುಬಿಟ್ಟರೆ ಗಾಡಿಯೂ ಇಲ್ಲ, ಆಟವೂ ಇಲ್ಲ. ಕುರುಡಿ ಎಂದು ಷರಾ ಬಿದ್ದಂತೆಯೇ. ಹೆದರಿದ ಬುದ್ಧಿಗೆ ಮುಂದಿನದ್ದು ಎಲ್ಲಿ ಕಾಣಬೇಕು! ಮೊದಮೊದಲ ಬೆಳಕುಗಳ ತಾಳ ಅವಳ ಬೆರಳಿಗೆ ಹತ್ತಿತ್ತು. ಕಾಣದಿದ್ದರೂ ಆ ತಾಳಕ್ಕೆ ಒತ್ತತೊಡಗಿದಳು. ಒತ್ತಿದಳು, ಬಿಟ್ಟಳು, ಒತ್ತಿದಳು. ಯಾರೂ ಏನೂ ಅನ್ನಲಿಲ್ಲ. ಗೆದ್ದೆ ಅನ್ನಿಸಿತು.

"ನಿಲ್ಸು," ಎಂದಳು ಒರ್ಟೆನ್ಸಿಯಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಯಂತ್ರ ನಿಲ್ಸಿ ಎಷ್ಟೋ ಹೊತ್ತಾಯ್ತು ಮಗಳೇ. ಆಗ್ಲಿಂದ ನಾನು ಒಂದೂ ಬೆಳಕು ಬಿಟ್ಟಿಲ್ಲ."

ಗುಂಯ್ ನಿಂತುಹೋಗಿದೆ ಎಂದು ಆಗಷ್ಟೇ ಗಮನಿಸಿದ ಮಾರ್ಲೆನಿ ಗದ್ದವನ್ನು ಯಂತ್ರದಿಂದ ತೆಗೆದಳು. ಅಷ್ಟರವರೆಗೆ ಅಮ್ಮನ ಮುಂದೆಯೂ ಬಾರದ ಅಳು ಈಗ ಬಂತು.

"ಭಯ ಆಗ್ತಿದೆ," ಎಂದಳು. "ತುಂಬಾ ಭಯ ಆಗ್ತಿದೆ ಅಕ್ಕ."

"ಆಗ್ಲಿ. ಯಾರಿಗಾಗಲ್ಲ? ಆದ್ರೆ ನೀನು ಚೆನ್ನಾಗಿ ಕಾಣುತ್ತೆ ಅಂತ ತೋರಿಸಿದ್ರೆ ನಿನ್ನನ್ನ ಸಾಲಿನ ಕೊನೇಲಿ ನಿಲ್ಲಿಸ್ತಾರೆ. ಅಷ್ಟರಲ್ಲಿ ನಿಜವಾಗ್ಲೂ ಏನೂ ಉಳಿದಿರಲ್ಲ. ಮೊದಲಿಂದ ಮಾಡೋಣ. ಕಂಡಿದ್ದಕ್ಕೆ ಮಾತ್ರ ಒತ್ತು."

ಕಣ್ಣೊರೆಸಿಕೊಂಡು ಮತ್ತೆ ಗದ್ದ ಊರಿದಳು. ಗುಂಯ್ ಶುರುವಾಯಿತು. ನಡುವಿನ ಬೆಳಕುಗಳು ಬಂದವು, ಒತ್ತಿದಳು. ಆಮೇಲೆ ಆ ಬಿಳಿ ಬೋಗುಣಿ ಖಾಲಿಯಾಯಿತು. ಅದರಲ್ಲಿ ಒಂದರ ಹಿಂದೊಂದು ಬೆಳಕು ಮಿಂಚಿ ಆರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಬೆರಳು ಒತ್ತಲು ತುಡಿಯಿತು. ಹಲ್ಲು ಕಚ್ಚಿ ಹಿಡಿದು, ಪರೀಕ್ಷೆ ಮುಗಿಯುವ ತನಕ ಬೆರಳನ್ನು ಗುಂಡಿಯಿಂದ ಎತ್ತಿಯೇ ಇಟ್ಟುಕೊಂಡಳು.