ನಿಂತರೆ ಆರುವ ಗಾಡಿ

ಡ್ರೈವಿಂಗ್ ಶಾಲೆಗೆ ಇದ್ದದ್ದು ಎರಡೇ ಕಾರು. ಹೊಸದು ಪೆಟ್ರೋಲಿನದು, ಹಳೆಯದು ಡೀಸೆಲಿನದು. ಹೊಸದು ಅತ್ತಿಗೆಯ ತಮ್ಮನ ಪಾಲಿಗೆ, ಹಳೆಯದು ಮಾಲೀಕನ ತಂಗಿಯಾದ ಅವಳ ಪಾಲಿಗೆ ಬಂದಿತ್ತು. ಯಾರೂ ಕೂತು ಹಂಚಿದ್ದಲ್ಲ. ಬಿಸಿ ಪಾಲು ಯಾರ ತಟ್ಟೆಗೆ, ತಳ ಹಿಡಿದದ್ದು ಯಾರ ತಟ್ಟೆಗೆ ಎಂಬುದು ಎಷ್ಟೋ ಮನೆಗಳಲ್ಲಿ ಹೇಳದೆಯೇ ತೀರ್ಮಾನವಾಗುತ್ತದಲ್ಲ, ಹಾಗೆ.

ಶಾಲೆ ಅವಳ ಅಣ್ಣನದು. ಅವಳ ಕೆಲಸ ಹೊಸಬರಿಗೆ ಕಲಿಸುವುದು. ಕ್ಲಚ್ಚು ಅಂದರೆ ಯಾವ ಕಾಲು ಎಂದು ಕೇಳುವವರು, ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವ ಬದಲು ತಮ್ಮ ಕ್ರಾಪು ನೋಡಿಕೊಳ್ಳುವವರು, ಗೇರು ಹಾಕುವಾಗ ಕಣ್ಣು ಮುಚ್ಚುವವರು, ಎಲ್ಲರೂ ಮೊದಲು ಅವಳ ಕೈಗೇ ಬರಬೇಕು. ಶಾಲೆಯ ಪಕ್ಕದ ಹಳೆಯ ಉಗ್ರಾಣವೊಂದರ ಹಿಂದಿನ ಅಂಗಳದಲ್ಲಿ ಸುತ್ತು ಹಾಕಿಸಿ, ನಿಲ್ಲಿಸಿ, ಮತ್ತೆ ಹೊರಡಿಸಿ, ಹಿಂದಕ್ಕೆ ಬಿಡಿಸಿ, ಕೈಕಾಲು ಒಂದು ಹದಕ್ಕೆ ಬಂದ ಮೇಲೆ ಅವರನ್ನು ಅತ್ತಿಗೆಯ ತಮ್ಮನಿಗೆ ಒಪ್ಪಿಸುತ್ತಿದ್ದಳು. ಅವನು ಅವರನ್ನು ಹೊಸ ಕಾರಿನಲ್ಲಿ ಹೆದ್ದಾರಿಗೆ ಕರೆದೊಯ್ದು, ಸೀಟಿಗೆ ಒರಗಿ, "ಹೂಂ, ಹೋಗಲಿ, ಹೋಗಲಿ" ಎನ್ನುತ್ತಿದ್ದ. ಅವಳಿಗೆ ಒರಗುವ ಭಾಗ್ಯವಿಲ್ಲ. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅವಳ ಬಲಗಾಲು ಅದರ ಮೇಲೆ ಸದಾ ಕಾವಲು. ಕಲಿಯುವವರು ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರಿಟ್ಟಿದ್ದರು.

ಚಳಿಗಾಲ ಬಂತೆಂದರೆ ಆ ಡೀಸೆಲ್ ಕಾರಿನ ಒಳಗೂ ಹೊರಗೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಬೆಳಿಗ್ಗೆ ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜು ಕೆರೆದು, ಎಂಜಿನ್ ಚಾಲೂ ಮಾಡಿ, ಹೀಟರಿನ ಗುಬುಟನ್ನು ಪೂರಾ ತಿರುಗಿಸಿದರೆ ಬರುತ್ತಿದ್ದದ್ದು ತಣ್ಣನೆಯ ಗಾಳಿ. ಒಂದು ಪಾಠ ಮುಗಿದರೂ ಅದೇ, ಮಧ್ಯಾಹ್ನವಾದರೂ ಅದೇ. ಕಲಿಯುವವರು ತಮ್ಮ ಪಾಠ ಮುಗಿಸಿ, ಕೈ ಉಜ್ಜಿಕೊಳ್ಳುತ್ತ ಇಳಿದು ಹೋಗುತ್ತಿದ್ದರು. ಅವಳು ಇಳಿಯುವಂತಿಲ್ಲ, ಮುಂದಿನವರು ಬಾಗಿಲಲ್ಲೇ ನಿಂತಿರುತ್ತಿದ್ದರು. ಅವಳ ಕಾಲ್ಬೆರಳುಗಳು ಕೆಂಪಗೆ ಊದಿಕೊಂಡವು. ಸಂಜೆ ಮನೆಗೆ ಹೋಗಿ ಬೆಚ್ಚಗಾದ ಕೂಡಲೇ ಕೆಂಡ ಮೆಟ್ಟಿದಂತೆ ಉರಿಯುತ್ತಿದ್ದವು. ಗಂಡ ಮುಲಾಮು ಹಚ್ಚುತ್ತ, "ನಿಮ್ಮಣ್ಣನಿಗೆ ಹೇಳಬಾರದಾ?" ಎನ್ನುತ್ತಿದ್ದ.

ಹೇಳದೆ ಬಿಟ್ಟಿದ್ದಳೇ? ಹೋದ ಚಳಿಗಾಲದಲ್ಲೂ ಹೇಳಿದ್ದಳು, ಈ ಚಳಿಗಾಲದಲ್ಲೂ ಹೇಳಿದ್ದಳು.

"ಅಣ್ಣ, ಹೀಟರ್ ಕೆಟ್ಟಿದೆ."

"ಕೊಡು ಕೀಲಿ, ನೋಡ್ತೀನಿ."

ಅಣ್ಣ ಕಾರು ತೆಗೆದುಕೊಂಡು ಎಲ್ಲೋ ಹೋಗುತ್ತಿದ್ದ. ಬಹಳ ಹೊತ್ತಿನ ಮೇಲೆ ಬಂದು, ಶಾಲೆಯ ಮುಂದೆ ನಿಲ್ಲಿಸಿ, ಅವಳನ್ನು ಕರೆದು, ಅವಳ ಮಣಿಕಟ್ಟು ಹಿಡಿದು ಅಂಗೈಯನ್ನು ಹೀಟರಿನ ಬಾಯಿಗೆ ಒಡ್ಡುತ್ತಿದ್ದ. ಬಿಸಿ ಬಿಸಿ ಗಾಳಿ!

"ಒಲೆ ಮುಂದೆ ಕೂತ ಹಾಗಿದೆ. ಇನ್ನೇನು ಬೇಕಮ್ಮ ನಿನಗೆ, ಹಾಸಿಗೆ ಹಾಸಿ ಕೊಡಲಾ?"

ಬಾಗಿಲಲ್ಲಿ ನಿಂತ ಅತ್ತಿಗೆಯ ತಮ್ಮ ಕಿಸಿಕಿಸಿ ನಗುತ್ತಿದ್ದ. "ಅಕ್ಕನನ್ನ ನಡುಗಿಸ್ತಿರೋದು ಚಳಿ ಅಲ್ಲ ಭಾವ, ಸೋಮಾರಿತನ."

ಮರುದಿನ ಅಂಗಳದಲ್ಲಿ ಮತ್ತೆ ಅದೇ ತಣ್ಣನೆಯ ಗಾಳಿ. ಬರಬರುತ್ತ ಅವಳಿಗೆ ತನ್ನ ಮೇಲೆಯೇ ಅನುಮಾನ ಶುರುವಾಯಿತು. ಅಣ್ಣನಿಗೆ ಬಿಸಿಯಾಗಿ ಬರುವ ಗಾಳಿ ತನಗೆ ಮಾತ್ರ ತಣ್ಣಗೆ ಯಾಕೆ? ವಯಸ್ಸು ನಲವತ್ತು ದಾಟಿದೆ, ಮೈಯಲ್ಲಿ ರಕ್ತ ಕಡಿಮೆಯಾಗಿದೆಯೋ ಏನೋ ಎಂದು ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದಳು. ರಕ್ತ ಚೆನ್ನಾಗಿಯೇ ಇತ್ತು.

ಆ ಸಲ ಕಲಿಯಲು ಬಂದವರಲ್ಲಿ ಒಬ್ಬ ಟೈಲರಮ್ಮ ಇದ್ದಳು. ಹೋಟೆಲುಗಳಿಗೆ ಪರದೆ ಹೊಲಿದು ಕೊಡುವವಳು. ಗಂಟು ಹೊತ್ತು ಬಾಡಿಗೆ ಗಾಡಿಯವರ ದಾರಿ ಕಾದು ಸಾಕಾಗಿ, ಐವತ್ತರ ಮೇಲೆ ಗಾಡಿ ಕಲಿಯಲು ಹೊರಟಿದ್ದಳು. ದಪ್ಪ ಗಾಜಿನ ಕನ್ನಡಕ, ಬಾಯಿ ತುಂಬ ಮಾತು. "ಮೆಷಿನ್ ತುಳಿದು ತುಳಿದು ಪಳಗಿದ ಕಾಲು ಮೇಡಂ ಇದು. ಇದರ ಮುಂದೆ ನಿಮ್ಮ ಕ್ಲಚ್ಚು ಯಾವ ಲೆಕ್ಕ?" ಎಂದು ಮೊದಲ ದಿನವೇ ಹೇಳಿದ್ದಳು. ನಿಜಕ್ಕೂ ಬೇಗ ಕಲಿತಳು.

ಚಳಿ ಮೂಳೆ ಕೊರೆಯುತ್ತಿದ್ದ ಒಂದು ಬೆಳಿಗ್ಗೆ ಟೈಲರಮ್ಮ ಅಂಗಳ ಸುತ್ತಿ ಗೇಟಿನ ಕಡೆಗೆ ಬರುತ್ತಿದ್ದಳು. "ನಿಧಾನ... ಈಗ ಬ್ರೇಕ್" ಎಂದಳು ಇವಳು. ಟೈಲರಮ್ಮನ ಕಾಲು ಸೆಟೆದುಕೊಂಡಿತ್ತು. ಬ್ರೇಕಿನ ಬದಲು ಪಕ್ಕದ್ದನ್ನು ತುಳಿಯಿತು. ಕಾರು ಮುನ್ನುಗ್ಗಿತು. ಅಂಥದ್ದು ದಿನಕ್ಕೊಂದು ನಡೆಯುವುದೇ. ಇವಳು ತನ್ನ ಕಡೆಯ ಬ್ರೇಕನ್ನು ಬಲವಾಗಿ ಒತ್ತಿದಳು. ಒತ್ತಿದೆನೆಂದೇ ಅಂದುಕೊಂಡಳು. ಕಾರು ನಿಲ್ಲಲಿಲ್ಲ. ಬಗ್ಗಿ ನೋಡಿದರೆ ಕಾಲು ಬ್ರೇಕಿನ ಪಕ್ಕದ ನೆಲವನ್ನು ಒತ್ತುತ್ತಿತ್ತು. ಮರಗಟ್ಟಿದ ಕಾಲಿಗೆ ನೆಲವೂ ಒಂದೇ, ಬ್ರೇಕೂ ಒಂದೇ. ಕಾಲು ಎತ್ತಿ ಇಡುವಷ್ಟರಲ್ಲಿ ಕಾರು ಗೇಟಿನ ಕಬ್ಬಿಣದ ಕಂಬಕ್ಕೆ ಹೋಗಿ ಗುದ್ದಿತು.

ಟೈಲರಮ್ಮನ ಹಣೆ ಸ್ಟಿಯರಿಂಗಿಗೆ ಬಡಿದು ಕನ್ನಡಕ ಒಡೆಯಿತು. ಹುಬ್ಬಿನ ಮೇಲೆ ಸಣ್ಣಗೆ ರಕ್ತ ಒಸರಿತು.

ಸದ್ದು ಕೇಳಿ ಅಣ್ಣ ಓಡಿ ಬಂದ. ಟೈಲರಮ್ಮನನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿದ ಮೇಲೆ ತಂಗಿಯ ಕಡೆ ತಿರುಗಿದ.

"ಕಾಲ ಕೆಳಗೇ ಬ್ರೇಕ್ ಇಟ್ಕೊಂಡು ನಿದ್ದೆ ಹೊಡೀತಿದ್ಯಾ?"

"ಕಾಲು ಮರಗಟ್ಟಿತ್ತು ಅಣ್ಣ. ಎಲ್ಲಿ ಇಟ್ಟಿದ್ದೀನಿ ಅಂತಾನೇ ಗೊತ್ತಾಗ್ಲಿಲ್ಲ. ಹೀಟರ್..."

"ಶುರುವಾಯ್ತು ನೋಡಿ ಹೀಟರ್ ಪುರಾಣ!" ಅಣ್ಣ ಟೈಲರಮ್ಮನಿಗೆ ಹೇಳಿದ. "ಅಮ್ಮಾ, ಇವಳದ್ದು ಚಿಕ್ಕಂದಿನಿಂದ್ಲೂ ಇದೇ ಕಥೆ. ತಪ್ಪು ಮಾಡೋದು, ಮೇಲೊಂದು ನೆಪ ಹೇಳೋದು. ಆ ಹೀಟರನ್ನ ನಾನೇ ಎಷ್ಟು ಸಲ ನೋಡಿದ್ದೀನಿ, ಒಲೆ ಇದ್ದ ಹಾಗಿದೆ. ಬರೀ ಸುಳ್ಳು ಹೇಳ್ತಾಳೆ."

ಟೈಲರಮ್ಮ ಹುಬ್ಬಿಗೆ ಕರವಸ್ತ್ರ ಒತ್ತಿಕೊಂಡು, ಕನ್ನಡಕವಿಲ್ಲದ ಮಸುಕು ಕಣ್ಣುಗಳನ್ನು ಕಿರಿದು ಮಾಡಿ ಇವಳನ್ನು ನೋಡಿದಳು. ಎದ್ದು ಹೋದಳು. ಮರುದಿನ ಪಾಠಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ.

ಮುಂದಿನ ದೀಪ, ಬಂಪರು ಸರಿಯಾಗಲು ಕಾರು ಗ್ಯಾರೇಜಿಗೆ ಹೋಯಿತು. ತರಲು ಯಾವಾಗಲೂ ಅಣ್ಣನೇ ಹೋಗುತ್ತಿದ್ದ. ಈ ಸಲ ಅವನಿಗೆ ಬೇರೇನೋ ಕೆಲಸ ಬಂದು, "ನೀನೇ ಗುದ್ದಿಸಿದ್ದಲ್ವಾ, ನೀನೇ ತಗೊಂಡು ಬಾ" ಎಂದು ಅವಳನ್ನು ಅಟ್ಟಿದ.

ಮೆಕ್ಯಾನಿಕ್ ಮಾತುಗಾರ, ಒಳ್ಳೆಯವನು. ಕೈ ಒರೆಸಿಕೊಳ್ಳುತ್ತ ಕೀಲಿ ಕೊಟ್ಟ. ಅವಳು ಅಂಜುತ್ತಲೇ ಕೇಳಿದಳು: "ಹೀಟರನ್ನೂ ಸ್ವಲ್ಪ ನೋಡ್ತೀರಾ? ನನಗೆ ಬಿಸಿ ಬರ್ತಾನೇ ಇಲ್ಲ. ಅಣ್ಣ ಚೆನ್ನಾಗಿದೆ ಅಂತಾನೆ."

"ಇಬ್ಬರೂ ಹೇಳೋದು ನಿಜ ಅಕ್ಕ," ಎಂದ ಅವನು. "ಹೀಟರ್ ಕೆಟ್ಟಿಲ್ಲ. ಡೀಸೆಲ್ ಎಂಜಿನ್ನೇ ಹಾಗೆ. ಕುಡಿದ ಎಣ್ಣೇಲಿ ಬಿಸಿಗೆ ಅಂತ ಪೋಲು ಮಾಡೋದು ಕಡಿಮೆ. ಜೋರಾಗಿ ಓಡಿಸಿದ್ರೆ ಕಾಯುತ್ತೆ, ನಿಲ್ಲಿಸಿದ್ರೆ ಆರುತ್ತೆ. ನೀವು ಅಂಗಳದಲ್ಲಿ ಆಮೆ ಹಾಗೆ ಸುತ್ತುತ್ತಾ, ನಿಂತಲ್ಲೇ ಗುರ್ ಅನ್ನಿಸ್ತಾ ಇದ್ರೆ ಈ ಚಳೀಲಿ ಎಲ್ಲಿಂದ ಕಾಯಬೇಕು? ಇರೋ ಚೂರು ಬಿಸೀನೂ ಹೀಟರ್ ಎಳ್ಕೊಂಡು ಬಿಡುತ್ತೆ. ಅದಕ್ಕೇ ನಿಮ್ಮಣ್ಣನಿಗೆ ಹೋದ ಚಳಿಗಾಲದಲ್ಲೇ ಹೇಳಿದ್ನಲ್ಲ, ಪೆಟ್ರೋಲ್ ಕಾರು ಬೇಗ ಕಾಯುತ್ತೆ, ಅದನ್ನ ಅಂಗಳಕ್ಕೆ ಹಾಕಿ, ಇದನ್ನ ಹೈವೇಗೆ ಬಿಡಿ ಅಂತ. ಅವರು ಹೇಳ್ಲಿಲ್ವಾ?"

ಅವಳಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು. "ಹೋದ ಚಳಿಗಾಲದಲ್ಲಾ?"

"ಹೂಂ, ಇಲ್ಲೇ ನಿಂತ್ಕೊಂಡು ಕೇಳಿದ್ರು. 'ಹೈವೇಲಿ ಓಡಿಸಿದ್ರೆ ಬಿಸಿ ಬರೋದು ಗ್ಯಾರಂಟಿನಾ' ಅಂತ ಕೆದಕಿ ಕೆದಕಿ ಕೇಳಿದ್ರು."

ಅವಳು ಸೀದಾ ಶಾಲೆಗೆ ಹೋಗಲಿಲ್ಲ. ಕಾರನ್ನು ಊರ ಹೊರಗಿನ ದೊಡ್ಡ ರಸ್ತೆಗೆ ಹತ್ತಿಸಿ, ಹಲ್ಲು ಕಚ್ಚಿ ಓಡಿಸಿದಳು. ಸ್ವಲ್ಪ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ಮೇಲೆದ್ದಿತು. ಮೊಣಕಾಲಿಗೆ, ಪಾದಕ್ಕೆ ಬಿಸಿಗಾಳಿ ಸೋಕಿತು. ಊದಿದ ಬೆರಳುಗಳು ಉರಿಯತೊಡಗಿದವು. ಮುಂದೆ ರೈಲ್ವೆ ಗೇಟು ಹಾಕಿತ್ತು. ಕಾರು ನಿಲ್ಲಿಸಿ, ಎಂಜಿನ್ ಹಾಗೆಯೇ ಬಿಟ್ಟು, ಮುಳ್ಳನ್ನೇ ನೋಡುತ್ತ ಕೂತಳು. ಉದ್ದದ ಗೂಡ್ಸ್ ಗಾಡಿ ತೆವಳಿಕೊಂಡು ಹೋಗುವಷ್ಟರಲ್ಲಿ ಮುಳ್ಳು ಮೆಲ್ಲಗೆ ಕೆಳಗೆ ಜಾರಿತು. ಬಿಸಿಗಾಳಿ ಮೊದಲು ಉಗುರುಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು.

ಹಾಗಾದರೆ ಅವನು ಪ್ರತಿ ಸಲವೂ ಹೆದ್ದಾರಿಯಲ್ಲಿ ಓಡಿಸಿ, ಕಾರನ್ನು ಕಾಯಿಸಿಕೊಂಡೇ ಬರುತ್ತಿದ್ದ. ಕಾಯಿಸಿಕೊಂಡು ಬಂದು ಅವಳ ಕೈ ಹಿಡಿದು ತೋರಿಸುತ್ತಿದ್ದ. ಹಿಂದಿನಿಂದ ಯಾರೋ ಹಾರ್ನ್ ಬಡಿದರು. ಗೇಟು ತೆರೆದು ಎಷ್ಟು ಹೊತ್ತಾಗಿತ್ತೋ. ಅವಳು ಅಣ್ಣನನ್ನು ಬಾಯಿಗೆ ಬಂದ ಹಾಗೆ ಬೈದಳು. ಅಷ್ಟು ದೊಡ್ಡ ಬೈಗುಳ ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಶಾಲೆಯ ಆಫೀಸಿನಲ್ಲಿ ಅಣ್ಣ ಟೀ ಕುಡಿಯುತ್ತಿದ್ದ. ಅತ್ತಿಗೆಯ ತಮ್ಮ ಮೇಜಿನ ತುದಿಯಲ್ಲಿ ಕಾಲಾಡಿಸುತ್ತ ಕೂತಿದ್ದ. ಹೊಸದಾಗಿ ಸೇರಲು ಬಂದ ಗಂಡ ಹೆಂಡತಿ ಬೆಂಚಿನ ಮೇಲಿದ್ದರು. ಅವಳು ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿ ಒಳಗೆ ಬಂದಳು.

"ನಿಂತಾಗ ಆ ಕಾರು ಕಾಯಲ್ಲ ಅಂತ ನಿನಗೆ ಗೊತ್ತಿತ್ತಾ, ಇಲ್ವಾ?"

ಅಣ್ಣ ಲೋಟ ಕೆಳಗಿಟ್ಟ. ಬೆಂಚಿನವರ ಕಡೆ ನೋಡಿ ಹಲ್ಲು ಕಿರಿದ. "ಪುಟ್ಟಿ, ಒಳಗೆ ಬಾ. ಮನೆ ಮಾತು ಬೀದಿಗೆ ಯಾಕೆ?"

"ಟೈಲರಮ್ಮನ ಮುಂದೆ ಸುಳ್ಳಿ ಅನ್ನೋವಾಗ ಒಳಗೆ ಕರೆದಿದ್ಯಾ? ಇಲ್ಲೇ ಹೇಳು. ಗೊತ್ತಿತ್ತಾ, ಇಲ್ವಾ?"

"ಅದೇನಂಥ ದೊಡ್ಡ ವಿಷಯ ಅಂತ..."

"ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು ಕಣೆ!" ಅಣ್ಣನಿಗೂ ರೇಗಿತು. "ಏನೀಗ? ಕಾರು ಬದಲಾಯಿಸಿದ್ರೆ ಇವನು ಮುಖ ಊದಿಸ್ಕೊಳ್ತಾನೆ. ಇವನು ಮುಖ ಊದಿಸಿದ್ರೆ ನಿಮ್ಮತ್ತಿಗೆ ನನ್ನ ಹತ್ರ ಮಾತು ಬಿಡ್ತಾಳೆ. ನೀನಾದ್ರೆ ನನ್ನ ಒಡಹುಟ್ಟಿದವಳು, ಅನುಸರಿಸ್ಕೊಂಡು ಹೋಗ್ತೀಯ ಅಂದ್ಕೊಂಡೆ."

"ಇವನ ಮುಖ ಊದಬಾರದು ಅಂತ ನನ್ನ ಕಾಲು ಊದಿಸಿದೆ."

ಬೆಂಚಿನ ಮೇಲಿದ್ದ ಗಂಡಸು ಎದ್ದು ಹೊರಡಲು ನೋಡಿದ. ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು.

"ಅಣ್ಣ, 'ಪುಟ್ಟಿ, ಈ ಚಳಿಗಾಲ ಹೇಗಾದ್ರೂ ಸಹಿಸ್ಕೋ' ಅಂದಿದ್ರೆ ದೇವರಾಣೆ ಸಹಿಸ್ಕೊತಿದ್ದೆ," ಎಂದಳು ಅವಳು. ದನಿ ತಗ್ಗಿಸಲಿಲ್ಲ. "ನೀನು ಗಾಡಿ ಕಾಯಿಸ್ಕೊಂಡು ಬಂದು ನನ್ನನ್ನೇ ಹುಚ್ಚಿ ಮಾಡಿದೆ. ನನ್ನ ಮೈಯಲ್ಲೇ ಏನೋ ಕೆಟ್ಟಿದೆ ಅಂತ ರಕ್ತ ಕೊಟ್ಟು ಬಂದೆ. ಅವತ್ತಾದ್ರೂ ಬಾಯಿ ಬಿಡಬಹುದಿತ್ತು. 'ರಿಪೋರ್ಟ್ ಏನಂತೆ, ಪುಟ್ಟಿ?' ಅಂತ ಕೇಳಿದ್ಯಲ್ಲ, ಯಾವ ಮುಖ ಇಟ್ಕೊಂಡು ಕೇಳಿದೆ?"

ಅವಳು ಗೋಡೆಯ ಮೊಳೆಯಿಂದ ಪೆಟ್ರೋಲ್ ಕಾರಿನ ಕೀಲಿ ತೆಗೆದುಕೊಂಡು ಡೀಸೆಲಿನದನ್ನು ಅಲ್ಲಿ ತೂಗುಹಾಕಿದಳು.

ಅತ್ತಿಗೆಯ ತಮ್ಮ ಮೇಜಿನಿಂದ ಜಿಗಿದ. "ಅಕ್ಕ, ಅದು ನನ್ನ ಕಾರು..."

"ನಿಮ್ಮಪ್ಪ ಬರೆದು ಕೊಟ್ಟಿದ್ನಾ? ನೀನು ಹೈವೇಲಿ ಓಡಿಸೋನು, ನಿನಗೆ ಅದು ಒಲೆ ಇದ್ದ ಹಾಗಿರುತ್ತೆ. ನಂಬಿಕೆ ಇಲ್ದಿದ್ರೆ ನಿಮ್ಮ ಭಾವನ್ನ ಕೇಳು."

ಆಮೇಲೆ ತನ್ನ ಫೋನಿನಲ್ಲಿ ಟೈಲರಮ್ಮನ ನಂಬರು ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಅಣ್ಣನ ಮುಂದಿಟ್ಟಳು. "ಹೇಳು."

"ಅಮ್ಮಾ, ನಮಸ್ಕಾರ," ಎಂದ ಅಣ್ಣ. "ಅವತ್ತು ಕಾರಿನಲ್ಲಿ ಏನೋ ಸಣ್ಣ ತೊಂದರೆ..."

"ನೆಟ್ಟಗೆ ಹೇಳು."

ಅಣ್ಣ ಮೇಜನ್ನೇ ನೋಡುತ್ತ ಹೇಳಿದ: "ನನ್ನ ತಂಗಿ ಸುಳ್ಳು ಹೇಳಿರ್ಲಿಲ್ಲ. ಅಂಗಳದಲ್ಲಿ ಆ ಕಾರು ಕಾಯೋದಿಲ್ಲ. ಅದು ನನಗೆ ಗೊತ್ತಿತ್ತು."

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. "ಗೊತ್ತಿತ್ತಾ? ಗೊತ್ತಿದ್ದೂ ನಮ್ಮನ್ನ ಕೂರಿಸಿದ್ರಾ? ನಿಮಗೆ ಬೇಕಾಗಿರೋದು ಡ್ರೈವಿಂಗ್ ಶಾಲೆ ಅಲ್ಲಪ್ಪ, ಬುದ್ಧಿ ಕಲಿಸೋ ಶಾಲೆ. ಮೊದಲು ನನ್ನ ಕನ್ನಡಕ ಮಾಡಿಸ್ಕೊಡಿ." ಫೋನ್ ಕಟ್ಟಾಯಿತು.

ಬೆಂಚಿನ ಮೇಲಿದ್ದ ಹೆಂಗಸು ಮೆಲ್ಲಗೆ ಕೇಳಿದಳು: "ಮೇಡಂ, ನಮಗೆ ಕಲಿಸೋದು ನೀವೇನಾ?"

"ಹೌದು."

"ಹಾಗಿದ್ರೆ ನನ್ನ ಹೆಸರು ಬರ್ಕೊಳ್ಳಿ. ಇವರು ಬೇಕಾದ್ರೆ ಮನೇಗೆ ಹೋಗ್ಲಿ."

ಆಮೇಲೆ ನಡೆದದ್ದು ಇಷ್ಟೇ. ಅತ್ತಿಗೆಯ ತಮ್ಮ ಮುಖ ಊದಿಸಿಕೊಂಡ. ಅತ್ತಿಗೆ ಅಣ್ಣನೊಂದಿಗೆ ಮಾತು ಬಿಟ್ಟಳು. ಆದರೆ ಹೆದ್ದಾರಿಯಲ್ಲಿ ಆ ಡೀಸೆಲ್ ಕಾರು ಎಷ್ಟು ಚೆನ್ನಾಗಿ ಕಾಯುತ್ತಿತ್ತೆಂದರೆ, ಅತ್ತಿಗೆಯ ತಮ್ಮ ಕೋಟು ಬಿಚ್ಚಿ ಹಿಂದಿನ ಸೀಟಿಗೆ ಎಸೆದು ಕೂರತೊಡಗಿದ. ಸಿಟ್ಟು ಮರೆತು, "ಹಳೇ ಗಾಡಿ ಆದ್ರೂ ಎಳೆತ ನೋಡಿ" ಎಂದು ಹೊಗಳಲೂ ಶುರು ಮಾಡಿದ. ಟೈಲರಮ್ಮ ಹೊಸ ಕನ್ನಡಕ ಹಾಕಿಕೊಂಡು ಮತ್ತೆ ಬಂದಳು. ಪೆಟ್ರೋಲ್ ಕಾರಿನ ಬೆಚ್ಚಗಿನ ಗಾಳಿಯಲ್ಲಿ ಅವಳ ಕಾಲೂ ಆಡಿತು, ಬಾಯಿ ಅದಕ್ಕಿಂತ ಹೆಚ್ಚು ಆಡಿತು. ಯಾರಿಗೂ ಒಂದು ಚೂರೂ ನಷ್ಟವಾಗಲಿಲ್ಲ. ಅದನ್ನು ನೋಡಿ ನೋಡಿ ತಂಗಿಯ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು.

ಒಂದು ಭಾನುವಾರ ಅಣ್ಣ ಅವಳ ಮನೆಗೆ ಬಂದ. ಕೈಯಲ್ಲಿ ದಪ್ಪ ಉಣ್ಣೆಯ ಕಾಲುಚೀಲಗಳಿದ್ದವು.

"ಇನ್ನೂ ಕೋಪಾನಾ, ಪುಟ್ಟಿ?"

"ಹೌದು."

"ಎಲ್ಲಾ ಸರಿ ಹೋಯ್ತಲ್ಲ."

"ಅದಕ್ಕೇ ಕೋಪ. ಕೀಲಿ ಈ ಮೊಳೆಯಿಂದ ತೆಗೆದು ಆ ಮೊಳೆಗೆ ಹಾಕೋ ಕೆಲಸ. ಅಷ್ಟೂ ಆಗ್ಲಿಲ್ಲ ನಿನ್ನ ಕೈಲಿ."

ಅಣ್ಣ ತಲೆ ಕೆರೆದುಕೊಂಡ. ಅವಳ ಗಂಡ ಮಾಡಿ ತಂದುಕೊಟ್ಟ ಟೀ ಕುಡಿದ. ಹೋಗುವಾಗ ಕಾಲುಚೀಲಗಳನ್ನು ಕುರ್ಚಿಯ ಮೇಲೆ ಬಿಟ್ಟು ಹೋದ. ಅವಳು ಅವನ್ನು ಬೇಡ ಎನ್ನಲಿಲ್ಲ, ಹಾಕಿಕೊಳ್ಳಲೂ ಇಲ್ಲ.

ಮರುದಿನ ಎಂದಿನಂತೆ ಕೆಲಸಕ್ಕೆ ಹೋದಳು. "ಸಾರ್, ಕೀಲಿ ಕೊಡಿ" ಎಂದಳು. ಅಣ್ಣ ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ. ಮಧ್ಯಾಹ್ನವೂ ಸಾರ್, ಸಂಜೆಯೂ ಸಾರ್. "ಹಾಗೆ ಕರೀಬೇಡ ಕಣೆ, ಚುಚ್ಚುತ್ತೆ" ಎಂದು ಅವನು ಬಾಯಿ ಬಿಟ್ಟೇ ಹೇಳಿದ. "ಆಗ್ಲಿ ಸಾರ್" ಎಂದು ಅವಳು ಹೊರಗೆ ಹೋಗಿ, ಕಾಯುತ್ತ ನಿಂತಿದ್ದ ಟೈಲರಮ್ಮನಿಗೆ ಕಾರಿನ ಬಾಗಿಲು ತೆಗೆದಳು.