ಏಳನೆಯ ಫೋಟೊ

ಆ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡು ಒಂದೇ ಫೋಟೊದಲ್ಲಿ ಹಿಡಿಯುವಂಥದ್ದಲ್ಲ. ಬೆಂಕಿ ಆರಿದ ಮೂರನೆಯ ದಿನ ಶೆಡ್ಡಿನ ನಟ್ಟನಡುವೆ ಸ್ಟ್ಯಾಂಡ್ ಊರಿ, ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹನ್ನೊಂದು ಫೋಟೊ ತೆಗೆದೆ. ಒಂದರ ಅಂಚು ಪಕ್ಕದ್ದರಲ್ಲೂ ಬರಬೇಕು. ಆಗಲೇ ಕಂಪ್ಯೂಟರಿನಲ್ಲಿ ಅವನ್ನು ಕೂಡಿಸಿ ಇಡೀ ಶೆಡ್ಡನ್ನು ಒಂದೇ ಉದ್ದನೆಯ ಚಿತ್ರ ಮಾಡಲು ಬರುವುದು. ಮಸಿ ಹಿಡಿದ ಗೋಡೆ, ಕರಗಿ ಜೋತುಬಿದ್ದ ಫ್ಯಾನು, ಒಂಟಿ ಚಪ್ಪಲಿಗಳು. ಏಳನೆಯ ಫೋಟೊದಲ್ಲಿ ಹಿಂಬಾಗಿಲು. ಬಾಗಿಲಿಗೆ ಸರಪಳಿ, ಸರಪಳಿಗೆ ಬೀಗ. ಇಬ್ಬರು ಹೆಂಗಸರು ಸತ್ತದ್ದು ಅದರ ಬುಡದಲ್ಲೇ.

ಜೋಡಿಸುವ ಕೆಲಸ ನನ್ನ ತಮ್ಮನದು. ಹನ್ನೆರಡು ವರ್ಷದಿಂದ ನಮ್ಮ ಸ್ಟುಡಿಯೊ ನಡೆದದ್ದು ಹಾಗೆಯೇ. ಕಾರ್ಖಾನೆಯ ಮ್ಯಾನೇಜರು ಅವನ ಹೆಂಡತಿಯ ಅಪ್ಪ; ತನಿಖೆಗೆ ಫೋಟೊ ತೆಗೆಯುವ ಈ ಕೆಲಸ ಬಂದದ್ದೂ ಆ ನಂಟಿನಿಂದ. ಚಿತ್ರ ಸಿದ್ಧವಾದ ದಿನ ನಾನು ಫೋಟೊ ತೆಗೆಯಲು ಶಾಲೆಯೊಂದಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ‘ಇದು ನಾನು ತೆಗೆದ ಚಿತ್ರ’ ಎಂಬ ಕಾಗದವನ್ನು ತಮ್ಮ ನನ್ನ ಮುಂದಿಟ್ಟ. ಚಿತ್ರ ನೋಡದೆಯೇ ಸಹಿ ಹಾಕಿದೆ.

ನಾನು ಫೋಟೊ ತೆಗೆದ ಮೇಲೆ, ಛಾವಣಿ ಕುಸಿಯುವ ಭಯವಿದ್ದುದರಿಂದ ಶೆಡ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ತನಿಖಾಧಿಕಾರಿ ನಂಬಿದ್ದು ಆ ಚಿತ್ರವನ್ನೇ. ವಿಚಾರಣೆಯ ದಿನ ನನ್ನನ್ನೂ ಕರೆಸಿದ್ದರು; ಚಿತ್ರವನ್ನು, ಅಡಿಯಲ್ಲಿ ನನ್ನ ಸಹಿಯ ಕಾಗದದ ಸಮೇತ, ಗೋಡೆಗೆ ಅಂಟಿಸಿದ್ದರು. ಬದುಕುಳಿದ ಪ್ಯಾಕಿಂಗ್ ಹೆಂಗಸೊಬ್ಬಳು ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಎದ್ದು ನಿಂತಿದ್ದಳು.

“ಹಿಂಬಾಗಿಲಿಗೆ ಬೀಗ ಹಾಕಿತ್ತು ಅಂತೀರಿ. ಇದರಲ್ಲಿ ಹಿಂಬಾಗಿಲೇ ಇಲ್ವಲ್ಲಮ್ಮ?” ಎಂದರು ಅಧಿಕಾರಿ.

ನಾನು ತಲೆಯೆತ್ತಿ ನೋಡಿದೆ. ಆರನೆಯ ಫೋಟೊದ ಕಿಟಕಿಯನ್ನು ಎಂಟನೆಯದರ ಕಿಟಕಿಗೆ ಕೂಡಿಸಲಾಗಿತ್ತು. ಎಲ್ಲ ಕಿಟಕಿಗಳೂ ಒಂದೇ ಥರ. ಗೋಡೆ ಎಲ್ಲೂ ಕಡಿಯದೆ ಸಾಗಿತ್ತು.

ಮ್ಯಾನೇಜರು ಮೆಲ್ಲಗೆ ಹೇಳಿದರು: “ಹೊಗೇಲಿ ಗಾಬರಿಯಾಗಿ ಏನೇನೋ ಕಂಡಿರುತ್ತೆ ಸಾರ್. ಪಾಪ.”

ಆ ‘ಪಾಪ’ ಕೇಳಿ ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

“ಸಾರ್, ಅದು ಸುಳ್ಳು ಚಿತ್ರ!”

“ಕೆಳಗೆ ನಿಮ್ಮದೇ ಸಹಿ ಇದೆ.”

“ಇದೆ. ನೋಡದೆ ಹಾಕಿದ ಸಹಿ. ಒಂದು ಗಂಟೆ ಟೈಮ್ ಕೊಡಿ.”

ಸ್ಟುಡಿಯೊದಲ್ಲಿ ತಮ್ಮ ಟೀ ಕುಡಿಯುತ್ತ ಕೂತಿದ್ದ.

“ಏಳನೇದು ಎಲ್ಲೋ?”

“ಅಕ್ಕ, ಮೊದಲು ಕೂತ್ಕೋ.”

“ಎಲ್ಲೋ ಅಂದೆ!”

“ಅಳಿಸಿದೆ. ಮಾವ ಕೇಳಿಕೊಂಡ್ರು, ಇಲ್ಲ ಅನ್ನೋಕಾಗುತ್ತಾ? ನಾನೇನು ಸುಳ್ಳು ಬರೆದ್ನಾ? ಬರೀ ಜೋಡಿಸಿದೆ.”

“ಎರಡು ಹೆಣ ಮುಚ್ಚಿಬಿಟ್ಟೆ, ಅದಕ್ಕೆ ಜೋಡಿಸೋದು ಅಂತಾರೇನೋ?”

ಕಂಪ್ಯೂಟರಿನಲ್ಲಿ ಅಳಿಸಿದ್ದರೇನು, ಕ್ಯಾಮೆರಾದ ಕಾರ್ಡು ನನ್ನ ಚೀಲದಲ್ಲೇ ಇತ್ತು. ಹನ್ನೊಂದನ್ನೂ ಪ್ರಿಂಟ್ ಹಾಕಿದೆ. ಅವಸರದಲ್ಲಿ ಎರಡು ಹಾಳೆ ಕೆಟ್ಟವು. ಹೊರಡುವಾಗ ಅವನು ಬಾಗಿಲಿಗೆ ಅಡ್ಡ ನಿಂತ.

“ಅಕ್ಕ, ನನ್ನ ಸಂಸಾರ ಏನಾಗ್ಬೇಕು?”

“ಆ ಹೆಂಗಸರಿಗೂ ಸಂಸಾರ ಇತ್ತು,” ಎಂದು ಹೆಗಲಿನಿಂದ ಅವನನ್ನು ತಳ್ಳಿ ಆಚೆ ಬಂದೆ.

ವಿಚಾರಣೆಯ ಕೋಣೆಯ ಉದ್ದನೆಯ ಮೇಜಿನ ಮೇಲೆ ಅಂಚಿನ ಮೇಲೆ ಅಂಚು ಬರುವಂತೆ ಫೋಟೊಗಳನ್ನು ಹರಡಿದೆ. ಅಧಿಕಾರಿ ಒಂದೊಂದನ್ನೇ ನೋಡುತ್ತ ಬಂದು ಏಳನೆಯದರ ಮುಂದೆ ನಿಂತರು.

“ಇದು ಬೇರೆ ಎಲ್ಲಿಂದಲೋ ತಂದಿದ್ದು,” ಎಂದರು ಮ್ಯಾನೇಜರು.

“ಹಾಗಾದ್ರೆ ಈ ಬಿರುಕು ನೋಡಿ! ಆರನೇದರಲ್ಲಿ ಶುರುವಾಗಿ, ಈ ಬಾಗಿಲಿನ ಮೇಲೆ ಹಾದು, ಎಂಟನೇದರಲ್ಲಿ ಮುಗಿಯುತ್ತೆ. ಬೇರೆ ಕಡೆಯಿಂದ ಬಿರುಕೂ ತಂದ್ನಾ ನಾನು?”

ಅಧಿಕಾರಿ ಎಲ್ಲರನ್ನೂ ಹೊರಡಿಸಿಕೊಂಡು ಕಾರ್ಖಾನೆಯ ಹಿಂಬದಿಗೆ ಹೋದರು. ಬಾಗಿಲಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತಿದ್ದರು. ಅವರು ಬೆರಳಿಟ್ಟು ಒತ್ತಿದರೆ ಸಿಮೆಂಟು ತಗ್ಗಿತು; ಇನ್ನೂ ಹಸಿ. ಸಂಜೆಯೊಳಗೆ ಪೊಲೀಸರು ಮ್ಯಾನೇಜರನ್ನು ಕರೆದೊಯ್ದರು.

ಗೇಟಿನ ಬಳಿ ಬ್ಯಾಂಡೇಜಿನ ಹೆಂಗಸು ನನ್ನತ್ತ ಬಂದಳು. ಒಳ್ಳೆಯ ಮಾತೊಂದನ್ನು ಹೇಳುತ್ತಾಳೆ ಎಂದುಕೊಂಡೆ.

“ನನಗೆ ಸಹಿ ಹಾಕೋಕೆ ಬೆರಳಿಲ್ಲ. ನಿಮಗೆ ಕೈಯೂ ಇತ್ತು, ಕಣ್ಣೂ ಇತ್ತು. ಒಂದ್ಸಲ ನೋಡೋಕೆ ಏನಾಗಿತ್ರೀ? ಅಷ್ಟು ಜನರ ಮುಂದೆ ನಾನು ಸುಳ್ಳಿ ಆದೆ.”

“ತಪ್ಪಾಯ್ತು,” ಎಂದೆ. ಅವಳು ಬೆನ್ನು ಹಾಕಿ ಹೋದಳು. ಕೋಪ ಮಾಡಿಕೊಳ್ಳುವ ಹಕ್ಕು ನನಗಿಂತ ಅವಳಿಗೇ ಹೆಚ್ಚಿತ್ತು.

ಮರುವಾರ ತಮ್ಮ ತನ್ನ ಸಾಮಾನನ್ನು ಸ್ಟುಡಿಯೊದಿಂದ ಒಯ್ದ. ಅವನ ಹೆಂಡತಿ ನನ್ನ ಮುಖ ನೋಡುವುದಿಲ್ಲ. ಅಮ್ಮ ಫೋನು ಮಾಡಿ ಅತ್ತಳು: “ಒಂದು ಫೋಟೊಗೋಸ್ಕರ ಒಡಹುಟ್ಟಿದವನನ್ನೇ ಕಳ್ಕೊಂಡೆಯಲ್ಲೇ!”

“ಕಳ್ಕೊಂಡೆ ಅಮ್ಮ. ಹುಡುಕಿಕೊಂಡು ಮಾತ್ರ ಹೋಗಲ್ಲ,” ಎಂದು ಫೋನು ಇಟ್ಟೆ.