ತಮಟೆ ಮೊದಲು, ಮಾತು ಆಮೇಲೆ

ಚಹಾದ ಫ್ಲಾಸ್ಕ್ ಹಿಡಿದು ಬಂದ ಸಿದ್ಧಾರ್ಥನಿಗೆ ಮೊದಲು ಕಂಡದ್ದು ಗೋದಾಮಿನ ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿ. ಎಡಗಾಲಿನದರ ಪಟ್ಟಿಗೆ ತಾಮ್ರದ ತಂತಿ ಸುತ್ತಿತ್ತು. ಆ ತಂತಿಯನ್ನು ಸುತ್ತಿಕೊಟ್ಟವನು ಅವನೇ. ತಲೆಯೆತ್ತಿ ಒಳಗೆ ನೋಡಿದ. ಕಂಪ್ಯೂಟರಿನ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ಅಪ್ಪ ದೊಡ್ಡಮಾದಯ್ಯ ಕುಳಿತಿದ್ದರು. ಅವರ ತಲೆಯ ಮೇಲೆ ಹೆಡ್‌ಫೋನ್ ಇತ್ತು.

"ಹೆಂಗೆ ಸರ್‌ಪ್ರೈಸು?" ಎಂದ ಪಕ್ಕದಲ್ಲಿ ನಿಂತಿದ್ದ ಗೆಳೆಯ ಕೃಷ್ಣಕುಮಾರ್. "ನಾನೇ ಫೋನ್ ಮಾಡಿ ಕರುಸ್ದೆ ಕಣೋ. ಅವರ ತಮಟೆ ಹೆಂಗೆ ಬಂದದೆ ಅಂತ ಅವರೇ ಮೊದ್ಲು ಕೇಳ್ಬೇಡ್ವಾ?"

ಸಿದ್ಧಾರ್ಥನ ಕಣ್ಣು ಪರದೆಯ ಕಡೆ ಹೋಯಿತು. ಪರದೆಯ ಮೇಲೆ ತೆಳುವಾದ ಲಂಬ ಗೆರೆಯೊಂದು ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಅದು ಇನ್ನೂ ತಮಟೆಯ ಭಾಗದಲ್ಲಿತ್ತು. ಅದರ ನಂತರ, ಗೋಡೆಗೊರಗಿ ನಿಂತಿದ್ದ ಆಶಾರಾಣಿಯ ಬೇಸ್ ಗಿಟಾರ್, ಆಮೇಲೆ ಕೃಷ್ಣಕುಮಾರನ ಗಿಟಾರ್, ಕೊನೆಗೆ ತನ್ನ ಧ್ವನಿ. ಅಪ್ಪನ ಬಲಗೈಯ ತೋರುಬೆರಳು ಮೊಣಕಾಲಿನ ಮೇಲೆ ಪೆಟ್ಟು ಹಾಕುತ್ತಿತ್ತು. ತುಟಿಯ ಒಂದು ತುದಿಯಲ್ಲಿ ನಗೆಯಿತ್ತು. ನಾಲ್ಕು ಹೆಜ್ಜೆ ನಡೆದು ವೈರು ಕಿತ್ತರೆ ಸಾಕಿತ್ತು. ಅವನು ಫ್ಲಾಸ್ಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನಿಂತ.

'ಎರಡು ಹೊಳೆ' ಎಂಬುದು ಅವರ ತಂಡದ ಹೆಸರು. ಕೃಷ್ಣಕುಮಾರ್ ಬನ್ನೂರಿನವನು, ಆಶಾರಾಣಿ ಸೋಸಲೆಯವಳು. ಇಬ್ಬರೂ ಕಾವೇರಿಯ ಕಡೆಯವರು. ದೇವನೂರಿನ ಸಿದ್ಧಾರ್ಥ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು, ಕಪಿಲೆಯ ಕಡೆಯವನು. ಬಾಗಿಲು ಮುಚ್ಚಿದ್ದ ರೈಸ್ ಮಿಲ್ಲಿನ ಈ ಗೋದಾಮು ಕೃಷ್ಣಕುಮಾರನ ಸೋದರಮಾವನದು. ಪ್ರತಿಧ್ವನಿ ತಡೆಯಲು ಗೋಡೆಗಳಿಗೆ ಖಾಲಿ ಗೋಣಿಚೀಲಗಳನ್ನು ಎರಡು ಪದರವಾಗಿ ತೂಗುಹಾಕಿದ್ದರು. ಹಾಗಾಗಿ ಅವರ ಹಾಡುಗಳನ್ನು ಕೇಳುವಾಗ ಆಶಾರಾಣಿಗೆ ಭತ್ತದ ಧೂಳಿನ ವಾಸನೆಯೂ ಬಂದಂತಾಗುತ್ತಿತ್ತು. ಅವರು ಹಾಡುತ್ತಿದ್ದುದು ಬ್ಲೂಸ್ ರಾಕ್: ದುಃಖವನ್ನು ಒಂದು ಸಾಲಿನಲ್ಲಿ ಹೇಳಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವ ಹಾಡು.

ಆದರೆ ಸಿದ್ಧಾರ್ಥ ಬರೆದುದಕ್ಕೆಲ್ಲ ಕೃಷ್ಣಕುಮಾರ್ ಬೇಡವೆಂದು ತಲೆಯಾಡಿಸುತ್ತಿದ್ದ. "ಗಂಟ್ಲು ಚೆನ್ನಾಗದೆ ಗುರು. ಒಳಗೆ ಏನೂ ಇಲ್ಲ." ಅಂಥದೊಂದು ದಿನ, ಕೆಲಸ ಮುಗಿಸಿ ಕಪಿಲೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಪಕ್ಕದಲ್ಲಿ ಯಾರೋ ಬಿಟ್ಟುಹೋದ ಚಪ್ಪಲಿ ಕಣ್ಣಿಗೆ ಬಿತ್ತು. ನೀರಿನಲ್ಲಿ ಯಾರೂ ಕಾಣಲಿಲ್ಲ. ಅದು ಅಪ್ಪನದಾಗಿದ್ದರೆ ಎಂದುಕೊಂಡ. ಅಷ್ಟರಲ್ಲಿ ಮುದುಕನೊಬ್ಬ ನೀರಿನಿಂದೆದ್ದು ಬಂದು ಚಪ್ಪಲಿ ಮೆಟ್ಟಿ ಹೊರಟುಹೋದ. ಸಿದ್ಧಾರ್ಥ ಮಾತ್ರ ಕಣ್ಣೊರೆಸಿಕೊಳ್ಳುತ್ತಾ ಅಲ್ಲೇ ಉಳಿದ. ಏಳುವ ಹೊತ್ತಿಗೆ ಹಾಡು ಪೂರ್ತಿಯಾಗಿತ್ತು. ಅದರಲ್ಲಿ ಅಪ್ಪನ ಹೆಸರಿತ್ತು, ಊರಿನ ಹೆಸರೂ ಇತ್ತು. ಬೇರೆ ಯಾವ ಹೆಸರನ್ನು ಇಟ್ಟರೂ ಧ್ವನಿ ಒಣಗುತ್ತಿತ್ತು.

ಆ ಹಾಡಿಗೆ ಡ್ರಮ್ ಸಾಲಲಿಲ್ಲ. ಸಾವಿನ ತಮಟೆ ಬೇಕಾಗಿತ್ತು. ಅದು ಉಳಿದಿದ್ದುದು ಅಪ್ಪನ ಕೈಯಲ್ಲಿ ಮಾತ್ರ. ಅವರು ಯುವಕರಾಗಿದ್ದಾಗ ಬೀದಿಯವರೆಲ್ಲ ಸೇರಿ, ಇನ್ನು ಮುಂದೆ ಯಾರ ಹೆಣದ ಮುಂದೆಯೂ ಬಡಿಯುವುದಿಲ್ಲ ಎಂದು ತೀರ್ಮಾನಿಸಿದ್ದರು. ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದ ದೊಡ್ಡಮಾದಯ್ಯ ಆ ತೀರ್ಮಾನದ ನಂತರ ತಮಟೆ ಮುಟ್ಟಿದ್ದು ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಮಾತ್ರ. ಸಾವಿನ ಪೆಟ್ಟನ್ನು ಮಗನಿಗೂ ಕಲಿಸಿರಲಿಲ್ಲ.

ರೆಕಾರ್ಡಿಂಗ್‌ಗೆಂದು ಕಳೆದ ತಿಂಗಳು ಇಲ್ಲಿಗೆ ಬಂದಾಗ ಅವರು ಅಂಗಳದಲ್ಲಿ ಸೋಗೆ ಉರಿಸಿ ತಮಟೆ ಕಾಯಿಸುತ್ತಾ ಕೇಳಿದ್ದರು: "ಯಾರ ಸಾವುಗ್ಲಾ ಇದು?"

"ಯಾರ್ದೂ ಅಲ್ಲ ಅಪ್ಪ. ಪದ ಇನ್ನೂ ಬರ್ದೇ ಇಲ್ಲ. ತಮಟೆ ಮೊದಲು, ಮಾತು ಆಮೇಲೆ. ರೆಕಾರ್ಡಿಂಗು ಅಂದ್ರೆ ಅಂಗೇಯ."

"ಯಾರ್ದೂ ಅಲ್ಲ ಅಂದ್ರೆ ಸರಿ. ಬಡೀತೀನಿ."

ಕ್ರಮದ ಬಗ್ಗೆ ಹೇಳಿದ್ದು ನಿಜವಾಗಿತ್ತು. ಪದದ ಬಗ್ಗೆ ಹೇಳಿದ್ದು ಸುಳ್ಳು. ಆಮೇಲೆ, "ಹೆಸರು ಹಾಕಕ್ಕೆ ನಿಮ್ಮಪ್ಪನ್ನ ಕೇಳಿದೀಯಾ?" ಎಂದು ಆಶಾರಾಣಿ ವಿಚಾರಿಸಿದಾಗಲೂ ಅವನು ಹೂಂ ಎಂದಿದ್ದ.

ಪರದೆಯ ಮೇಲಿನ ಗೆರೆ ಅವನ ಧ್ವನಿಯನ್ನು ಮುಟ್ಟಿತು. ಗೋದಾಮಿನಲ್ಲಿ ಶಬ್ದವಿರಲಿಲ್ಲ; ಹಾಡು ಅಪ್ಪನ ಕಿವಿಯೊಳಗೆ ಮಾತ್ರ ನಡೆಯುತ್ತಿತ್ತು. ಆದರೂ ಪ್ರತಿ ಪದವೂ ಸಿದ್ಧಾರ್ಥನಿಗೆ ಕೇಳಿಸಿತು.

ದಡದ ಮೇಲೆ ಚಪ್ಪಲಿ ಅದೆ, ಅಪ್ಪ ಇಲ್ಲ.
ದಡದ ಮೇಲೆ ಚಪ್ಪಲಿ ಅದೆ, ಅಪ್ಪ ಇಲ್ಲ.
ದೇವನೂರ ದೊಡ್ಡಮಾದಯ್ಯ, ಕಪಿಲೆ ನಿನ್ನ ಕೊಡಲಿಲ್ಲ.

ಮೊಣಕಾಲಿನ ಮೇಲಿನ ಬೆರಳು ನಿಂತಿತು. ಎತ್ತಿದ್ದ ಬೆರಳು ಇಳಿಯಲಿಲ್ಲ. ಹಾಡು ಮುಗಿಯುವವರೆಗೂ ಅದು ಹಾಗೆಯೇ ಗಾಳಿಯಲ್ಲಿತ್ತು.

ದೊಡ್ಡಮಾದಯ್ಯ ಹೆಡ್‌ಫೋನನ್ನು ಎರಡು ಕೈಯಿಂದ ತೆಗೆದು, ತುಂಬಿದ ಪಾತ್ರೆಯನ್ನಿಡುವಂತೆ ಮೇಜಿನ ಮೇಲಿಟ್ಟರು.

"ಎಣ ಸಿಕ್ತಾ?" ಎಂದು ಕೇಳಿದರು.

"ಅಪ್ಪಾ..."

"ನಿನ್ನೇ ಕೇಳ್ತಾ ಇರದು. ಕಡೀಗಾದ್ರೂ ನನ್ನೆಣ ಸಿಕ್ತಾ, ಇಲ್ವಾ?"

"ಇಲ್ಲ."

"ಸಿಗ್ದೇ ಇರೋ ಎಣಕ್ಕೆ ತಮಟೆ ಬಡುಸ್ದೇನ್ಲಾ? ಅದೂ ನನ್ ಕೈಲೇಯ?"

ಆಶಾರಾಣಿಗೆ ನಗು ಬಂದು ಅರ್ಧದಲ್ಲೇ ಸತ್ತಿತು. ಅವಳು ಸಿದ್ಧಾರ್ಥನ ಕಡೆ ತಿರುಗಿದಳು. "ಕೇಳಿದೀನಿ ಅಂದ್ಯಲ್ಲೋ ಪಾಪಿ!" ಕೃಷ್ಣಕುಮಾರನ ಮುಖ ಬಿಳಿಚಿಕೊಂಡಿತು. "ಯಜಮಾನ್ರೇ, ನಂಗೆ ಗೊತ್ತಿರ್ಲಿಲ್ಲ. ನೀವು ಒಪ್ಪಿದೀರಿ ಅಂತಾನೇ ತಿಳ್ಕೊಂಡಿದ್ದೆ."

"ನಿಂದೇನೂ ತಪ್ಪಿಲ್ಲ ಕುಮಾರಪ್ಪ." ದೊಡ್ಡಮಾದಯ್ಯ ಮಗನ ಕಡೆ ತಿರುಗಿದರು. " ನಿಮ್ಮವ್ವಂಗೆ ಕೇಳ್ಸಿದ್ದೀಯೇನ್ಲಾ ಇದ?"

"ಇಲ್ಲ ಅಪ್ಪ. ನಾಳೆ ಬೆಳಿಗ್ಗೆ ಯೂಟ್ಯೂಬಿಗೆ ಹಾಕ್ಬೇಕು ಅಂತಿದ್ದೊ. ಅಳಿಸ್ಬುಡ್ತೀನಿ. ಈಗ್ಲೇ ಅಳಿಸ್ತೀನಿ."

ಅದು ಅವರ ಮೊದಲ ಹಾಡು. ಒಂದು ವರ್ಷದಲ್ಲಿ ಜೀವ ಬಂದದ್ದು ಅದೊಂದಕ್ಕೇ. ಕೃಷ್ಣಕುಮಾರ್ ಮೆಲ್ಲಗೆ ಹೇಳಿದ: "ತಮಟೆ ಬೇರೆ ಟ್ರ್ಯಾಕಲ್ಲಿದೆ. ಅದೊಂದನ್ನೇ ತೆಗೀಬೋದು."

"ತೆಗುದ್ರೆ ನಾನು ಬಡ್ದಿದ್ದು ಬಡೀದಂಗಾಯ್ತದಾ?" ದೊಡ್ಡಮಾದಯ್ಯ ಎದ್ದು, ಗೋಣಿಚೀಲಗಳ ನಡುವೆ ಮೊಳೆಗೆ ತೂಗುಹಾಕಿದ್ದ ತಮಟೆಯನ್ನು ಇಳಿಸಿಕೊಂಡರು. ಅಂಗೈಯಿಂದ ಚರ್ಮವನ್ನು ಒತ್ತಿ ನೋಡಿದರು. ತಂಪಿಗೆ ಸಡಿಲವಾಗಿತ್ತು. "ನಂಗೊತ್ತಿಲ್ದಂಗೆ ಬಡುಸ್ದೆ. ಈಗ ಗೊತ್ತಿದ್ದೇ ಬಡೀತೀನಿ. ನೀನು ನನ್ ಎದುರ್ಗೆ ನಿಂತ್ಕಂಡು ಆ ಪದ ಆಡು. ಆಡ್ಬುಟ್ರೆ ನಾಳೆ ಲೋಕಕ್ಕೆಲ್ಲಾ ಕೇಳ್ಸು, ನಾನೇನೂ ಅನ್ನಲ್ಲ."

ಅವರೇ ಅಂಗಳಕ್ಕೆ ಹೋಗಿ, ಬರಿಗಾಲಿನಲ್ಲೇ ಕುಕ್ಕರುಗಾಲು ಹಾಕಿ ಕುಳಿತು, ಸೋಗೆಗೆ ಕಡ್ಡಿ ಗೀರಿದರು. ತಮಟೆಯನ್ನು ಉರಿಯ ಮೇಲೆ ಸುತ್ತ ತಿರುಗಿಸಿ, ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಒಳಗೆ ಬಂದರು. ಕೃಷ್ಣಕುಮಾರ್ ಒಂದು ಮೈಕನ್ನು ಅವರ ಮುಂದೆ, ಇನ್ನೊಂದನ್ನು ಸಿದ್ಧಾರ್ಥನ ಮುಂದೆ ನಿಲ್ಲಿಸಿದ. ಗುಂಡಿ ಒತ್ತಿದ. ಪರದೆಯಲ್ಲಿ ಕೆಂಪು ಚುಕ್ಕಿ ಹೊತ್ತಿಕೊಂಡಿತು.

ಮೊದಲ ಪೆಟ್ಟಿಗೇ ಗೋಣಿಚೀಲಗಳಿಂದ ಧೂಳು ಉದುರಿತು. ಕಳೆದ ಬಾರಿಗಿಂತ ನಿಧಾನವಾಗಿತ್ತು. ಎರಡು ಪೆಟ್ಟುಗಳ ನಡುವೆ ಹೆಜ್ಜೆಯೊಂದನ್ನು ಊರುವಷ್ಟು ಜಾಗವಿತ್ತು. ದೊಡ್ಡಮಾದಯ್ಯ ಮಗನ ಮುಖದಿಂದ ಕಣ್ಣು ಕದಲಿಸಲಿಲ್ಲ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಿದ್ಧಾರ್ಥ ಹಾಡಿಬಿಡುತ್ತಿದ್ದನೇನೋ.

ಪದ ಆರಂಭವಾಗಬೇಕಾದ ಜಾಗ ಬಂತು. ಅವನು ಬಾಯಿ ತೆರೆದ. ಜಾಗ ದಾಟಿಹೋಯಿತು.

ಅಪ್ಪ ನಿಲ್ಲಿಸಲಿಲ್ಲ. ಒಂದು ಸುತ್ತು ಮುಗಿಸಿ, ಮತ್ತೆ ಅದೇ ಜಾಗಕ್ಕೆ ತಂದುಕೊಟ್ಟು, ಹುಬ್ಬೆತ್ತಿ ಕಾದರು. ಆಶಾರಾಣಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸಿದ್ಧಾರ್ಥನ ನೋಟ ಅಪ್ಪನ ಹೆಗಲಾಚೆ, ತೆರೆದ ಬಾಗಿಲಿನಾಚೆಗೆ ಹೋಯಿತು. ತಂತಿ ಸುತ್ತಿದ ಚಪ್ಪಲಿ ಬಿಸಿಲಿನಲ್ಲಿತ್ತು.

ಇನ್ನೊಂದು ಸುತ್ತು ಬಂತು.

ಕೃಷ್ಣಕುಮಾರ್ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಪರದೆಯ ಮೇಲ್ಭಾಗದಲ್ಲಿ ತಮಟೆಯ ಸಾಲು ಗುಡ್ಡ ಗುಡ್ಡವಾಗಿ ಎದ್ದು ಬೀಳುತ್ತಾ ಬಲಕ್ಕೆ ಸರಿಯುತ್ತಿತ್ತು. ಅದರ ಕೆಳಗೆ, ಧ್ವನಿಯ ಸಾಲಿನಲ್ಲಿ, ತಮಟೆಯ ಪ್ರತಿ ಹೊಡೆತಕ್ಕೂ ತುಸುವೇ ಅದುರುತ್ತಾ, ಒಂದು ಸಪಾಟು ಗೆರೆ ಬೆಳೆಯುತ್ತಾ ಹೋಯಿತು.